ಗಿರಾಕಿ ಯಾರು ಸ್ವಾಮಿ?

ಈಚೆಗೆ ನಾಡಿನಲ್ಲಿ ಯಾರೇ ದೊಡ್ಡವರು ತೀರಿಕೊಳ್ಳಲಿ, ಮನೆಯವರಿಗಿಂತ ಮೊದಲು ಕಣ್ಣೀರು ಹಾಕುವುದು ಟೈಲ್ಸ್ ಅಂಗಡಿ. ಟಿ.ವಿ.ಯಲ್ಲಿ ‘ಇನ್ನಿಲ್ಲ’ ಎಂಬ ಪಟ್ಟಿ ಓಡಿ ಕಾಫಿ ಆರುವಷ್ಟು ಹೊತ್ತಾಗಿರುವುದಿಲ್ಲ, ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಪೋಸ್ಟರ್ ಹಾಜರ್. ಮೇಲೆ ಒಂದು ದೀಪ, ನಡುವೆ ಅಗಲಿದವರ ಕಪ್ಪು ಬಿಳುಪು ಚಿತ್ರ, ಅದರ ಪಕ್ಕದಲ್ಲಿ ಅದಕ್ಕಿಂತ ತುಸು ದೊಡ್ಡದಾಗಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಗುತ್ತಿರುವ ಮಾಲೀಕರ ಬಣ್ಣದ ಚಿತ್ರ. ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಅದರ ಕೆಳಗೆ ಎರಡು ಮೊಬೈಲ್ ನಂಬರು ಮತ್ತು ‘ನಮ್ಮಲ್ಲಿ ಎಲ್ಲ ಬಗೆಯ ಟೈಲ್ಸ್ ಹಾಗೂ ಸ್ಯಾನಿಟರಿ ಸಾಮಾನು ಹೋಲ್‌ಸೇಲ್ ದರದಲ್ಲಿ ದೊರೆಯುತ್ತವೆ’. ಶೋಕದಲ್ಲಿದ್ದವರಿಗೆ ಬಚ್ಚಲುಮನೆ ನೆನಪಾದರೆ ಅನುಕೂಲವಾಗಲಿ ಎಂದಿರಬೇಕು.

ಟೈಲ್ಸ್ ಅಂಗಡಿಯವರನ್ನು ಬೈಯುವುದು ನ್ಯಾಯವಲ್ಲ. ತೀರಿಕೊಂಡವರು ಯಾರೆಂದು ಅವರಿಗೆ ಸರಿಯಾಗಿ ಗೊತ್ತಿರುವುದೂ ಇಲ್ಲ. ವರ್ಷಕ್ಕೆ ಇಷ್ಟು ಅಂತ ದುಡ್ಡು ಕಟ್ಟಿದರೆ ಹಬ್ಬ, ಜಯಂತಿ, ಪುಣ್ಯತಿಥಿ ಎಲ್ಲದಕ್ಕೂ ನಿಮ್ಮ ಮುಖ, ನಿಮ್ಮ ಲೋಗೊ ಅಂಟಿಸಿಕೊಡುವ ಆ್ಯಪ್‌ಗಳು ಬಂದಿವೆ. ಬೆಳಿಗ್ಗೆ ಶೆಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಇವತ್ತು ಯಾರ ಜಯಂತಿ ಎಂದು ನೋಡಿ ಸ್ಟೇಟಸ್ ಹಾಕಿ, ಆಮೇಲೆ ಬೋಣಿ. ಈ ಕ್ಯಾಲೆಂಡರಿನ ಮುಂದೆ ಒಂಟಿಕೊಪ್ಪಲ್ ಪಂಚಾಂಗ ಬಡವಾಗಿ ಕಾಣುತ್ತದೆ. ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ, ಮೊಬೈಲ್ ಅಂಗಡಿಯವರಿಂದ ಶುಭಾಶಯ. ಮಾರ್ಚ್ 22 ವಿಶ್ವ ಜಲ ದಿನ, ‘ಹನಿ ಹನಿಯೂ ಅಮೂಲ್ಯ’ ಎಂದು ಬೋರ್‌ವೆಲ್ ಕೊರೆಯುವವರಿಂದ ಉಪದೇಶ. ಏಪ್ರಿಲ್ 22 ಭೂಮಿ ದಿನ, ಭೂತಾಯಿಗೆ ನಮನ, ಕೆಳಗೆ ‘ಥರ್ಟಿ ಫಾರ್ಟಿ ಸೈಟುಗಳು ಕೆಲವೇ ಬಾಕಿ’. ನವೆಂಬರ್ ಒಂದರಂದಂತೂ ಭುವನೇಶ್ವರಿಯ ಪಕ್ಕದಲ್ಲೇ ಕನ್ನಡದ ಒತ್ತಕ್ಷರಗಳೆಲ್ಲ ಕಾಲಿನಿಂದ ಕಳಚಿಕೊಂಡು ಪಕ್ಕಕ್ಕೆ ಬಂದು ಬಿದ್ದಿರುತ್ತವೆ. ಕನ್ನಡ ಬಾರದ ಟೆಂಪ್ಲೇಟು ಕನ್ನಡದ ಹಬ್ಬ ಮಾಡಿದರೆ ಇನ್ನೇನಾದೀತು?

ಇವನ್ನೆಲ್ಲ ನೋಡುವವರು ಯಾರು? ಸ್ಟೇಟಸ್ ನೋಡಿದವರ ಪಟ್ಟಿ ತೆಗೆದರೆ ಹೆಂಡತಿಯ ತಮ್ಮ, ಸಿಮೆಂಟ್ ಸಪ್ಲೈ ಮಾಡುವವನು, ಒಬ್ಬ ಎಲ್‌ಐಸಿ ಏಜೆಂಟ್, ಮತ್ತು ಎದುರು ಸಾಲಿನ ಇನ್ನೊಂದು ಟೈಲ್ಸ್ ಅಂಗಡಿ. ಕೊನೆಯವರು ಎಲ್ಲರಿಗಿಂತ ಮೊದಲೇ ನೋಡಿರುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೆ ಟೈಲ್ಸ್ ಎಷ್ಟು ಹೋಯಿತು ಎಂದು ಮಾತ್ರ ಕೇಳಬಾರದು. ‘ಬ್ರ್ಯಾಂಡಿಂಗ್ ಅಂದ್ರೆ ಹಂಗೆಲ್ಲ ಲೆಕ್ಕ ಹಾಕೋಕಾಗಲ್ಲ ಸಾರ್’ ಎಂಬ ಉತ್ತರ ಸಿದ್ಧವಿದೆ. ಈ ವಹಿವಾಟಿನಲ್ಲಿ ಬಿಲ್ ಹರಿದು, ಜಿಎಸ್‌ಟಿ ಸೇರಿಸಿ, ದುಡ್ಡು ಮುಂಗಡ ಪಡೆದು ನಿಜವಾಗಿ ಮಾರಾಟವಾದ ಸರಕು ಒಂದೇ, ಪೋಸ್ಟರು. ಕೊಂಡವರು ಟೈಲ್ಸ್ ಅಂಗಡಿಯವರು. ಗಲ್ಲಾದ ಹಿಂದೆ ಕೂತ ತಾವೇ ಗಿರಾಕಿ ಎಂಬುದು ಅವರಿಗಿನ್ನೂ ತಿಳಿದಿಲ್ಲ.

ಬಸವನಗುಡಿ ಕಡೆಯ ಒಂದು ಕಾಂಡಿಮೆಂಟ್ಸ್ ಅಂಗಡಿ ಅಂದುಕೊಳ್ಳಿ. ಕೋಡುಬಳೆ, ನಿಪ್ಪಟ್ಟು, ಖಾರಾ ಬೂಂದಿ, ಕಾಂಗ್ರೆಸ್ ಕಡಲೇಬೀಜ. ಈ ಕಡಲೇಬೀಜ ಯಾವ ರೀಲ್ಸೂ ಇಲ್ಲದೆ ಊರೆಲ್ಲ ಹೆಸರು ಮಾಡಿದ್ದು ಹೇಗೆ ಎಂದು ಯಾವ ಮಾರ್ಕೆಟಿಂಗ್ ಕೋರ್ಸಿನಲ್ಲೂ ಪಾಠವಿಲ್ಲ, ಇರಲಿ. ಯಜಮಾನರಿಗೆ ಅರವತ್ತು ದಾಟಿದೆ. ಸಂಜೆ ಐದರಿಂದ ಎಂಟರವರೆಗೆ ಮಾತಾಡಲು ಪುರಸೊತ್ತಿರುವುದಿಲ್ಲ. ಅಂಥ ಹೊತ್ತಿನಲ್ಲೇ ಟ್ಯಾಬ್ ಹಿಡಿದ ಹುಡುಗನೊಬ್ಬ ಬರುತ್ತಾನೆ. ಮೂರು ತಿಂಗಳ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸು ಮುಗಿಸಿದ್ದಾನೆ. ಆ ಕೋರ್ಸಿಗೆ ಅವನು ಸೇರಿದ್ದು ಇನ್‌ಸ್ಟಾಗ್ರಾಮಿನಲ್ಲಿ ಜಾಹೀರಾತು ನೋಡಿ, ಹಾಗಾಗಿ ಈ ವಿದ್ಯೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅವನೇ ಜೀವಂತ ಸಾಕ್ಷಿ.

“ಸಾರ್, ನಿಮ್ಮ ಬ್ರ್ಯಾಂಡ್ ಸ್ಟೋರಿ ಏನು?”

“ಕೋಡುಬಳೆ ಕಣಪ್ಪಾ.”

“ಅದು ಪ್ರಾಡಕ್ಟು ಸಾರ್. ನಾನು ಕೇಳ್ತಿರೋದು ಪ್ಯಾಶನ್. ಈ ಫೀಲ್ಡಿಗೆ ಯಾಕೆ ಬಂದ್ರಿ?”

“ಎಸ್ಸೆಸ್ಸೆಲ್ಸಿ ಫೇಲಾಗಿತ್ತು.”

“ಸೂಪರ್ ಸಾರ್! ಫೇಲ್ಯೂರ್ ಟು ಫ್ಲೇವರ್. ಟ್ಯಾಗ್‌ಲೈನ್ ಆಗೋಯ್ತು. ಟಾರ್ಗೆಟ್ ಆಡಿಯೆನ್ಸ್ ಯಾರು?”

“ಸಂಜೆ ವಾಕಿಂಗ್ ಬರ್ತಾರಲ್ಲ, ಕರಿದಿದ್ದು ತಿನ್ನಬೇಡಿ ಅಂತ ಡಾಕ್ಟರು ಹೇಳಿರೋರು. ಅವರೇ.”

ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಮೂರು ಪ್ಯಾಕೇಜು. ಸಿಲ್ವರಿನಲ್ಲಿ ಬರೀ ಪೋಸ್ಟು, ಹಬ್ಬದ ಪೋಸ್ಟರ್ ಫ್ರೀ. ಗೋಲ್ಡಿನಲ್ಲಿ ರೀಲ್ಸು. ಪ್ಲಾಟಿನಂನಲ್ಲಿ ಯಜಮಾನರೇ ಕಾಣಿಸಿಕೊಳ್ಳಬೇಕು, ‘ಫೌಂಡರ್ ಫೇಸ್ ಇದ್ರೆ ಟ್ರಸ್ಟ್ ಬರುತ್ತೆ’. ಮಗಳು ಅಮೆರಿಕದಿಂದ ಫೋನ್ ಮಾಡಿ ‘ಅಪ್ಪಾ, ಕಾಲಕ್ಕೆ ತಕ್ಕ ಹಾಗೆ ಇರಬೇಕು’ ಎಂದದ್ದರಿಂದ ಗೋಲ್ಡ್ ಆಗುತ್ತದೆ. ಶೂಟಿಂಗ್ ದಿನ ಯಜಮಾನರು ಗಾಳಿಯಲ್ಲಿ ಬೆರಳು ತೋರಿಸುತ್ತ ನಿಲ್ಲಬೇಕು. ಅಲ್ಲಿ ಆಮೇಲೆ ಅಕ್ಷರ ಮೂಡುತ್ತದಂತೆ. ಎಡಕ್ಕೆ ತೋರಿಸಿದರೆ ‘ನೋ ಪ್ರಿಸರ್ವೇಟಿವ್ಸ್’, ಬಲಕ್ಕೆ ತೋರಿಸಿದರೆ ‘ಅಜ್ಜಿ ರೆಸಿಪಿ’. ಬಲಕ್ಕೆ ತೋರಿಸಿದಲ್ಲಿ ಚೀಲ ಹಿಡಿದ ಒಬ್ಬರು ಕಾಲು ಕೆ.ಜಿ. ನಿಪ್ಪಟ್ಟಿಗಾಗಿ ಆಗಿನಿಂದ ಕಾಯುತ್ತಿದ್ದಾರೆ.

“ಅಂಕಲ್, ಸ್ವಲ್ಪ ಫ್ರೇಮಿಂದ ಆಚೆ ಹೋಗ್ತೀರಾ?” ಎಂದು ಹುಡುಗ ವಿನಯದಿಂದಲೇ ಕೇಳುತ್ತಾನೆ. ಮೂವತ್ತು ವರ್ಷದ ಗಿರಾಕಿ ಆಚೆ ಹೋಗುತ್ತಾರೆ.

ಸಣ್ಣ ವ್ಯಾಪಾರಿಯನ್ನು ಈ ಬೆರಳು ತೋರಿಸುವ ಸ್ಥಿತಿಗೆ ತಂದವರ ಚರಿತ್ರೆ ಬಹಳ ಹಳೆಯದೇನಲ್ಲ. 2007ರ ನವೆಂಬರಿನಲ್ಲಿ ಫೇಸ್‌ಬುಕ್ ಅಂಗಡಿ, ಕಂಪನಿಗಳಿಗೆಲ್ಲ ಪೇಜ್ ತೆರೆಯಲು ಅವಕಾಶ ಕೊಟ್ಟಿತು. ಊರಾಚೆಯ ಬಯಲಿನಲ್ಲಿ ಯಾರೋ ಪುಣ್ಯಾತ್ಮರು ಪುಕ್ಕಟೆ ಸಂತೆ ಕಟ್ಟೆ ಹಾಕಿಸಿಕೊಟ್ಟ ಹಾಗಿತ್ತು. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ, ನೀವು ಮಾಡಬೇಕಾದದ್ದು ಇಷ್ಟೇ, ನಿಮ್ಮ ಗಿರಾಕಿಗಳನ್ನು ಇಲ್ಲಿಗೆ ಕರೆದುಕೊಂಡು ಬನ್ನಿ. ಅಂಗಡಿಯವರು ಬಿಲ್ಲಿನ ಹಿಂದೆ, ಕವರಿನ ಮೇಲೆ, ಶೆಟರಿನ ಮೇಲೆ ‘ನಮ್ಮನ್ನು ಲೈಕ್ ಮಾಡಿ’ ಎಂದು ಬರೆಸಿ, ತಮ್ಮ ಖರ್ಚಿನಲ್ಲಿ ತಮ್ಮ ಗಿರಾಕಿಗಳನ್ನು ಅಲ್ಲಿಗೆ ಸಾಗಿಸಿದರು. ಎಲ್ಲರೂ ಬಂದು ಸೇರಿದ ಮೇಲೆ ಕಟ್ಟೆಯ ಸುತ್ತ ಗೋಡೆ ಎದ್ದಿತು. ಪೇಜಿನ ಒಂದು ಪೋಸ್ಟು ಅದನ್ನು ಮೆಚ್ಚಿದವರಲ್ಲಿ ಸರಾಸರಿ ನೂರಕ್ಕೆ 16 ಜನರನ್ನಷ್ಟೇ ತಲುಪುತ್ತದೆ ಎಂದು 2012ರಲ್ಲಿ ಫೇಸ್‌ಬುಕ್ಕೇ ಹೇಳಿತು. ಎರಡೇ ವರ್ಷಕ್ಕೆ ಅದು 6ರ ಹತ್ತಿರ ಇಳಿದಿದೆ ಎಂದು ಓಗಿಲ್ವಿ ಜಾಹೀರಾತು ಸಂಸ್ಥೆಯ ವಿಶ್ಲೇಷಣೆ ತೋರಿಸಿತು. 2018ರ ಜನವರಿಯಲ್ಲಿ ಜುಕರ್‌ಬರ್ಗ್ ಇನ್ನು ಮುಂದೆ ಬಂಧುಮಿತ್ರರ ಪೋಸ್ಟುಗಳಿಗೆ ಆದ್ಯತೆ, ವ್ಯಾಪಾರಿಗಳದ್ದು ಕಮ್ಮಿ ಕಾಣಿಸುತ್ತದೆ ಎಂದು ಘೋಷಿಸಿದರು. ಬಂಧುಮಿತ್ರರ ಮೇಲೆ ಅಷ್ಟೊಂದು ಅಕ್ಕರೆ. ಅಂಗಡಿಯವರಿಗೆ ಮಾತ್ರ ಬೂಸ್ಟ್ ಎಂಬ ನೀಲಿ ಗುಂಡಿ ಉಳಿಯಿತು. ತಾವೇ ಕರೆತಂದ ಗಿರಾಕಿಯ ಹತ್ತಿರ ತಾವು ಮಾತಾಡಬೇಕಾದರೆ ಗೋಡೆ ಕಟ್ಟಿದವರಿಗೆ ಕಾಸು.

ಬೂಸ್ಟ್ ಮಾಡುವುದು ಬಹಳ ಸುಲಭ. ಅಂಗಡಿಯವರು ಬ್ಯಾಂಕಿನಲ್ಲಿ ಸಾಲ ಕೇಳಲಿ, ಟ್ರೇಡ್ ಲೈಸೆನ್ಸ್ ನವೀಕರಿಸಲಿ, ನೂರೆಂಟು ಕಾಗದ ಕೇಳುತ್ತಾರೆ. ಬೂಸ್ಟ್ ಒಂದೇ ಒಂದು ಬೆರಳಿನ ಕೆಲಸ. ಮೇಲೆ 18% ಜಿಎಸ್‌ಟಿ. ನೋಂದಣಿ ಇಲ್ಲದ ಸಣ್ಣವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲದಿರುವುದರಿಂದ ಅದೂ ಹೋದದ್ದೇ. ಆಡಿಯೆನ್ಸ್ ‘ಆಟೋಮ್ಯಾಟಿಕ್’ ಎಂದು ಬಿಟ್ಟಿರುತ್ತಾರೆ, ಯಂತ್ರಕ್ಕೆ ನಮಗಿಂತ ಚೆನ್ನಾಗಿ ಗೊತ್ತು ಎಂಬ ನಂಬಿಕೆ. ವಾರದ ಕೊನೆಗೆ ವರದಿ ಬರುತ್ತದೆ, ನಿಮ್ಮ ಕೋಡುಬಳೆ ಹತ್ತು ಸಾವಿರ ಚಿಲ್ಲರೆ ಜನರನ್ನು ‘ತಲುಪಿದೆ’. ತಲುಪಿದ್ದು ಕೋಡುಬಳೆಯ ಚಿತ್ರ, ತಲುಪಿದ್ದು ಬೆರಳು ಮೇಲಕ್ಕೆ ಸರಿಸುವಷ್ಟು ಹೊತ್ತು. ಲೈಕ್ ಒತ್ತಿದ ಒಬ್ಬರ ಊರು ಭಾಗಲ್ಪುರ. ನಿಪ್ಪಟ್ಟಿನ ಫೋಟೊ ಕೆಳಗೆ ಒಬ್ಬರು ‘ನೈಸ್ ಪಿಕ್ ಡಿಯರ್’ ಎಂದಿದ್ದಾರೆ. ಇನ್ನೊಬ್ಬರು, ತಮ್ಮ ಪೇಜಿನಲ್ಲಿ ಇದನ್ನು ಪ್ರಮೋಟ್ ಮಾಡುತ್ತೇವೆ, ಮೆಸೇಜ್ ಮಾಡಿ ಎಂದಿದ್ದಾರೆ. ಆರು ರಸ್ತೆ ಆಚೆಯ ಒಬ್ಬ ಹೆಂಗಸು ನಿಜವಾಗಿಯೂ ‘ಕೆ.ಜಿ.ಗೆ ಎಷ್ಟು?’ ಎಂದು ಕೇಳಿದ್ದಾರೆ. ಅವರಿಗೆ ಹುಡುಗ ಬರೆದ ಉತ್ತರ: ‘ಡಿಎಂ ಮಾಡಿ’.

ಬೆಲೆಯನ್ನು ಕಿವಿಯಲ್ಲಿ ಹೇಳುವ ಈ ಪದ್ಧತಿ ಎಲ್ಲಿಂದ ಬಂತೋ. ಹಿಂದೆ ಅಡವು ಇಟ್ಟವರು, ಸಾಲ ಕೇಳುವವರು ಪಿಸುಗುಡುತ್ತಿದ್ದರು. ಈಗ ಆನ್‌ಲೈನಿನಲ್ಲಿ ಸೀರೆ ಕೊಳ್ಳುವವರೂ ಪಿಸುಗುಟ್ಟಬೇಕು. ಇಳಕಲ್ ಸೀರೆ ಲೈವ್‌ನಲ್ಲಿ ಸೆರಗು, ದಡಿ, ಮಡಿಕೆ ಎಲ್ಲ ಬಿಚ್ಚಿ ತೋರಿಸುತ್ತಾರೆ, ಬೆಲೆಯೊಂದನ್ನು ಬಿಟ್ಟು. ಹೀಗೆ ಕೇಳಿದರೆ ಕಾಮೆಂಟ್ ಹೆಚ್ಚಾಗುತ್ತದೆ, ಕಾಮೆಂಟ್ ಹೆಚ್ಚಾದರೆ ಆಲ್ಗಾರಿದಮ್ಮಿಗೆ ಖುಷಿಯಾಗುತ್ತದೆ ಎಂಬುದು ಒಳಗುಟ್ಟು. ಸೀರೆ ಕೊಳ್ಳಲು ಬಂದವಳಿಗೆ ಖುಷಿಯಾಯಿತೇ ಎಂಬುದು ಯಾವ ಗ್ರಾಫಿನಲ್ಲೂ ಬರುವುದಿಲ್ಲ.

ಗ್ರಾಫು ಎಂದಾಗ ನೆನಪಾಯಿತು. ವೀಡಿಯೊಗಳನ್ನು ಜನ ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಎಂಬ ಲೆಕ್ಕವನ್ನು ಎರಡು ವರ್ಷಗಳಿಂದ 60ರಿಂದ 80%ರಷ್ಟು ಉಬ್ಬಿಸಿ ತೋರಿಸಿದ್ದಾಗಿ 2016ರಲ್ಲಿ ಫೇಸ್‌ಬುಕ್ ಒಪ್ಪಿಕೊಂಡಿತು. ಜಾಹೀರಾತುದಾರರು ಕೋರ್ಟಿಗೆ ಹೋದರು, 2019ರಲ್ಲಿ 4 ಕೋಟಿ ಡಾಲರಿಗೆ ರಾಜಿಯಾಯಿತು. ನಮ್ಮ ಯಜಮಾನರ ತಕ್ಕಡಿಯಲ್ಲಿ ಐವತ್ತು ಗ್ರಾಂ ವ್ಯತ್ಯಾಸ ಬಂದರೆ ತೂಕ ಮತ್ತು ಅಳತೆ ಇಲಾಖೆಯವರು ಬಂದು ತಕ್ಕಡಿಯನ್ನೇ ಎತ್ತಿಕೊಂಡು ಹೋಗುತ್ತಾರೆ. ಆ ಕಂಪನಿ ತಕ್ಕಡಿಯನ್ನೂ ತಾನೇ ಹಿಡಿದು, ತೂಕವನ್ನೂ ತಾನೇ ಕೂಗಿ, 2024ರಲ್ಲಿ 164.5 ಶತಕೋಟಿ ಡಾಲರ್ ವಹಿವಾಟು ಮಾಡಿತು. ಅದರಲ್ಲಿ 160 ಶತಕೋಟಿಗೂ ಹೆಚ್ಚು ಬಂದದ್ದು ಜಾಹೀರಾತಿನಿಂದಲೇ. ಆ ವರ್ಷದ ಆದಾಯದ ಸುಮಾರು 10% ವಂಚಕರ ಮತ್ತು ನಿಷೇಧಿತ ಸರಕಿನ ಜಾಹೀರಾತುಗಳಿಂದ ಬರುತ್ತದೆ ಎಂದು ಕಂಪನಿಯ ಒಳಗಿನ ಕಾಗದಪತ್ರಗಳೇ ಅಂದಾಜು ಮಾಡಿದ್ದವು ಎಂದು 2025ರ ನವೆಂಬರಿನಲ್ಲಿ ರಾಯಿಟರ್ಸ್ ವರದಿ ಮಾಡಿತು. ಅದು ಒರಟು ಅಂದಾಜು, ಅತಿಯಾಯಿತು ಎಂದು ಕಂಪನಿ ಸಮಜಾಯಿಷಿ ಕೊಟ್ಟಿದೆ. ಇರಬಹುದು. ಒಟ್ಟಿನಲ್ಲಿ ಕೋಡುಬಳೆಯ ಮೇಲೆ ಒಂದು ನಕಲಿ ಷೇರು ಗುರು, ಕೆಳಗೆ ಒಂದು ಮೂರು ದಿನದಲ್ಲಿ ಕೂದಲು ಬೆಳೆಸುವ ಎಣ್ಣೆ. ಬೀದಿಯಲ್ಲಿ ಇಂಥ ನೆರೆಹೊರೆ ಇದ್ದರೆ ಯಜಮಾನರು ಅಂಗಡಿಯನ್ನೇ ಬೇರೆ ಕಡೆಗೆ ಹಾಕುತ್ತಿದ್ದರು.

ಗೂಗಲ್ ಇನ್ನೂ ಸಭ್ಯವಾಗಿ ಕೆಲಸ ಮಾಡುತ್ತದೆ. ನಿಮ್ಮ ಅಂಗಡಿಯ ಹೆಸರನ್ನೇ ಟೈಪ್ ಮಾಡಿ ಹುಡುಕಿದವರಿಗೆ ಮೊದಲು ಕಾಣುವುದು ಪಕ್ಕದ ಅಂಗಡಿ ಇರಬಹುದು, ಮೇಲೆ ಸಣ್ಣಕ್ಷರದಲ್ಲಿ ‘ಪ್ರಾಯೋಜಿತ’. ನಿಮ್ಮ ಹೆಸರಿನ ಮೇಲೆ ಅವರು ದುಡ್ಡು ಹಾಕಿದ್ದಾರೆ. ಈಗ ನಿಮ್ಮ ಹೆಸರಿಗೆ ನೀವೂ ಹರಾಜು ಕೂಗಬೇಕು. ಅಪ್ಪ ಇಟ್ಟ ಹೆಸರಿಗೆ ಮಗ ಬಾಡಿಗೆ ಕಟ್ಟುವುದು ಇಲ್ಲೇ. ಇದರ ನಡುವೆ ದಿನಕ್ಕೊಂದು ಫೋನು: ‘ಸಾರ್, ಗೂಗಲ್ ಆಫೀಸಿಂದ ಮಾತಾಡ್ತಿರೋದು, ನಿಮ್ಮ ಅಂಗಡಿ ಲಿಸ್ಟಿಂಗ್ ಎಕ್ಸ್‌ಪೈರ್ ಆಗ್ತಿದೆ.’ ಮ್ಯಾಪಿನಲ್ಲಿ ಅಂಗಡಿ ಇರುವುದಕ್ಕೆ ಗೂಗಲ್ ಕಾಸೇ ಕೇಳುವುದಿಲ್ಲ, ಅದಕ್ಕೆ ಎಕ್ಸ್‌ಪೈರಿಯೂ ಇಲ್ಲ. ನಿಪ್ಪಟ್ಟಿಗಿದೆ.

ಇನ್ನು ರೀಲ್ಸಿಗೆ ಬರೋಣ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಹತ್ತು ದಿನ ತುಂಬುವುದರೊಳಗೆ ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ಬಿಟ್ಟಿತು. ಖಾಲಿಯಾದ ಜಾಗಕ್ಕೆ ಇಷ್ಟು ಬೇಗ ಬಂದು ಕೂತವರನ್ನು ಫುಟ್‌ಪಾತ್ ವ್ಯಾಪಾರಿಗಳೂ ಕಂಡಿಲ್ಲ. ಅಂದಿನಿಂದ ನಮ್ಮಲ್ಲಿ ಒಂದು ಹೊಸ ಕಸುಬು ಹುಟ್ಟಿತು, ಮೈಕ್ ಹಿಡಿದು ತಿನ್ನುವುದು. ಒಂದು ತುತ್ತು ಬಾಯಿಗೆ ಹೋಗುವ ಮೊದಲೇ ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, ‘ಗುರೂ, ಬೇರೆ ಲೆವೆಲ್!’ ದೋಸೆ ಮೇಲೆ ಬೆಣ್ಣೆ ಬಿದ್ದರೆ ಬೇರೆ ಲೆವೆಲ್, ಮಿರ್ಚಿ ಎಣ್ಣೆಗೆ ಇಳಿದರೆ ಬೇರೆ ಲೆವೆಲ್, ಮಂಡಕ್ಕಿಗೆ ಈರುಳ್ಳಿ ಹೆಚ್ಚಿದರೂ ಬೇರೆ ಲೆವೆಲ್. ಮೊದಲನೇ ಲೆವೆಲ್ಲಿನಲ್ಲಿ ತಿನ್ನುವವರು ಯಾರೂ ಉಳಿದಿಲ್ಲ. ಲಕ್ಷಾಂತರ ಜನರಿಗೆ ‘ಯಾರಿಗೂ ಗೊತ್ತಿಲ್ಲದ ಜಾಗ’ ಎಂದು ಗುಟ್ಟು ಹೇಳುತ್ತಾರೆ. ಆ ಜಾಗದ ಹಿಂದಿನ ಬೀದಿಯಲ್ಲಿ ಹುಟ್ಟಿ ಬೆಳೆದು ನಿತ್ಯ ಅಲ್ಲೇ ತಿಂಡಿ ತಿಂದವರು ಈ ‘ಯಾರಿಗೂ’ ಎಂಬ ಲೆಕ್ಕದಲ್ಲಿ ಬರುವುದಿಲ್ಲ.

ಇವರನ್ನು ಕರೆಸುವುದಕ್ಕೆ ಯಜಮಾನರು ಮೊದಲು ಹಿಂಜರಿದರು. ಆದರೆ ನೂರು ವರ್ಷ ದಾಟಿದ ಮೈಸೂರು ಸ್ಯಾಂಡಲ್ ಸೋಪಿಗೇ ಸರ್ಕಾರ 2025ರಲ್ಲಿ ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ಸಿನಿಮಾ ನಟಿಯ ಮುಖ ತಂದಿರುವಾಗ ಕೋಡುಬಳೆಗೊಂದು ಮುಖ ಬೇಡವೇ? ಬಂದರು. ಮೂವರು ಬಂದರು, ಒಬ್ಬರು ತಿನ್ನಲು, ಒಬ್ಬರು ಹಿಡಿಯಲು, ಮೂರನೆಯವರು ಸುಮ್ಮನೆ. ‘ಕೊಲಾಬ್ ಸಾರ್, ನಾವು ಕಾಸು ತಗೊಳಲ್ಲ, ಬಾರ್ಟರ್’ ಎಂದರು. ದುಡ್ಡಿಲ್ಲದ ಕಾಲದ ವಸ್ತುವಿನಿಮಯ ಮತ್ತೆ ಬಂದಿರುವುದನ್ನು ಕಂಡು ಯಜಮಾನರಿಗೆ ಸಂತೋಷವಾಯಿತು. ಎರಡು ಕೆ.ಜಿ. ಮಿಕ್ಸ್ಚರ್ ವಿನಿಮಯವಾಯಿತು. ಅತ್ತಲಿಂದ ಬಂದದ್ದು ಒಂದು ಹೃದಯದ ಚಿಹ್ನೆ.

ವೈರಲ್ ಆಗದಿದ್ದರೆ ಇಷ್ಟೇ ನಷ್ಟ. ಆಗಿಬಿಟ್ಟರೆ ಏನು ಗತಿ ಎಂದು ಯಾರೂ ಹೇಳಿಕೊಡುವುದಿಲ್ಲ. 2020ರ ಅಕ್ಟೋಬರಿನಲ್ಲಿ ದೆಹಲಿಯ ಮಾಳವೀಯ ನಗರದ ‘ಬಾಬಾ ಕಾ ಢಾಬಾ’ದ ವೃದ್ಧ ದಂಪತಿ ಗಿರಾಕಿಯಿಲ್ಲದೆ ಕಣ್ಣೀರಿಡುವ ವೀಡಿಯೊ ದೇಶವೆಲ್ಲ ಓಡಿತು. ಮರುದಿನ ಢಾಬಾದ ಮುಂದೆ ಸಾಲು. ಊಟಕ್ಕೆ ಬಂದವರೆಷ್ಟೋ, ಕ್ಯಾಮೆರಾ ತಂದವರೆಷ್ಟೋ. ಕೆಲವೇ ವಾರಗಳಲ್ಲಿ ದೇಣಿಗೆಯ ದುಡ್ಡಿನ ವಿಷಯಕ್ಕೆ ವೀಡಿಯೊ ಮಾಡಿದವರ ಮೇಲೆ ಪೊಲೀಸ್ ದೂರು, ಅವರು ಆರೋಪ ಅಲ್ಲಗಳೆದರು. ಆಮೇಲೆ ಹೊಸ ರೆಸ್ಟೋರೆಂಟ್, ಅದೂ ಕೆಲವೇ ತಿಂಗಳಲ್ಲಿ ಮುಚ್ಚಿ ಮತ್ತೆ ಹಳೆಯ ಢಾಬಾ. ಸಾಲು ಬಂದದ್ದು ಅಳು ನೋಡಲು. ಮಟರ್ ಪನೀರ್ ತಿಂದು ನಾಳೆಯೂ ಬರುವವರು ಅದರಲ್ಲಿ ಬೆರಳೆಣಿಕೆ.

ದುಡ್ಡು ಪಡೆದೋ ಪುಕ್ಕಟೆ ತಿಂದೋ ಹೊಗಳಿದರೆ ಹಾಗೆಂದು ಹೇಳಬೇಕು ಎಂಬ ನಿಯಮವೂ ಇದೆ ಅನ್ನಿ. ಜಾಹೀರಾತು ಮಾನದಂಡ ಮಂಡಳಿಯ ಮಾರ್ಗಸೂಚಿ 2021ರಲ್ಲಿ ಬಂತು, 2023ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ ಹೇಳಿತು. ದಾರಿ ತಪ್ಪಿಸುವ ಹೊಗಳಿಕೆಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ಹಾಗಾಗಿ ಈಗ ಎಲ್ಲರೂ ಪ್ರಾಮಾಣಿಕರು. ಹದಿನೆಂಟು ಹ್ಯಾಷ್‌ಟ್ಯಾಗುಗಳ ಹಿಂದೆ ಹತ್ತೊಂಬತ್ತನೆಯದಾಗಿ ‘ಆ್ಯಡ್’ ಎಂದು ಬರೆದಿರುತ್ತಾರೆ.

ರಿವ್ಯೂಗಳದ್ದು ಇನ್ನೊಂದು ಲೋಕ. ಗಲ್ಲಾದ ಮೇಲೆ ದುಡ್ಡಿಗೊಂದು, ಹೊಗಳಿಕೆಗೊಂದು, ಎರಡು ಕ್ಯೂಆರ್ ಕೋಡ್. ಗಿರಾಕಿ ಅವಸರದಲ್ಲಿ ತಪ್ಪು ಕೋಡಿಗೆ ಸ್ಕ್ಯಾನ್ ಮಾಡಿ, ಕೋಡುಬಳೆಗೆ ಐದು ಸ್ಟಾರ್ ಕೊಟ್ಟು, ದುಡ್ಡು ಕೊಡದೆ ಹೋದದ್ದೂ ಉಂಟು. ಒಂದು ಸ್ಟಾರ್ ಕೊಟ್ಟವರ ಕಾರಣಗಳನ್ನು ಓದಿದರೆ ಮನುಷ್ಯಕುಲದ ಮೇಲೇ ಪ್ರೀತಿ ಹುಟ್ಟುತ್ತದೆ: ‘ಸೋಮವಾರ ಹೋಗಿದ್ದೆ, ಮುಚ್ಚಿತ್ತು’, ‘ಪಾರ್ಕಿಂಗ್ ಇಲ್ಲ’, ‘ಅಂಗಡಿಯವರು ನಗಲಿಲ್ಲ’. ಅವನ್ನು ಮುಚ್ಚಲು ಪ್ಯಾಕೇಜಿನಲ್ಲಿ ಐದು ಸ್ಟಾರುಗಳ ವ್ಯವಸ್ಥೆಯೂ ಇದೆ. ಒಂದೇ ರಾತ್ರಿ ಬಂದಿಳಿದ ಆ ಹೊಗಳಿಕೆಗಳಲ್ಲಿ ಎಲ್ಲರೂ ‘ಆಂಬಿಯೆನ್ಸ್’ ಮೆಚ್ಚಿಕೊಂಡಿದ್ದಾರೆ. ಅಂಗಡಿಯಲ್ಲಿ ಕೂರಲು ಒಂದು ಸ್ಟೂಲೂ ಇಲ್ಲ. ಸುಳ್ಳು ರಿವ್ಯೂ ತಡೆಯಲೆಂದು ಭಾರತೀಯ ಮಾನಕ ಬ್ಯೂರೊ 2022ರಲ್ಲೇ ಐಎಸ್ 19000 ಎಂಬ ಮಾನದಂಡ ತಂದಿದೆ. ಇಷ್ಟವಿದ್ದವರು ಪಾಲಿಸಬಹುದು. ಸುಳ್ಳು ಹೇಳುವವರಿಗೆ ಇಷ್ಟವಾಗಲಿ ಎಂದು ಹಾರೈಸೋಣ.

ಇಷ್ಟೆಲ್ಲ ಅನಲಿಟಿಕ್ಸ್ ನಡುವೆ ನಮ್ಮ ಸಣ್ಣ ವ್ಯಾಪಾರಿಗಳ ಆನ್‌ಲೈನ್ ಸಾಧನೆಯನ್ನು ಮನಸ್ಸಿಟ್ಟು ಓದಿದ ಸಂಸ್ಥೆ ಒಂದೇ, ವಾಣಿಜ್ಯ ತೆರಿಗೆ ಇಲಾಖೆ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿ ಅಂತ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂತು. ರೀಚ್ ಅಲ್ಲ, ಇಂಪ್ರೆಶನ್ ಅಲ್ಲ, ನೇರ ರೂಪಾಯಿ. ಮಾವನಿಂದ ಪಡೆದ ಕೈಸಾಲವನ್ನೂ, ಮಗ ಕಳಿಸಿದ್ದನ್ನೂ ವ್ಯಾಪಾರವೆಂದೇ ಎಣಿಸಿದ್ದಾರೆ ಎಂದು ಅಂಗಡಿಯವರು ಗೋಳಾಡಿದರು. ‘ಡಿಜಿಟಲ್ ಆಗಿ’ ಎಂದು ಅಂಟಿಸಿದ್ದ ಕೋಡುಗಳನ್ನು ಕಿತ್ತು ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂದು ಚೀಟಿ ಹಚ್ಚಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಹೇಳಿದ ಮೇಲೆ ಕೋಡುಗಳು ಒಂದೊಂದಾಗಿ ಹಿಂದಿರುಗಿದವು. ಆ ವಾರಗಳಲ್ಲಿ ಮಾತ್ರ ಯಾವ ಅಂಗಡಿಯವರೂ ತಮ್ಮ ಮುಂದಿನ ಜನಸಾಗರದ ರೀಲ್ಸ್ ಹಾಕಲಿಲ್ಲ.

ಆನ್‌ಲೈನ್ ಅಂದರೆ ಬರೀ ಮೋಸ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ಕೃತಘ್ನತೆಯಾದೀತು. 2020ರ ಲಾಕ್‌ಡೌನಿನಲ್ಲಿ ಎಷ್ಟೋ ಮನೆಯ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ವ್ಯಾಪಾರ ಬದುಕಿದ್ದು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಆ ಸಂದೇಶಗಳಲ್ಲಿ ಹ್ಯಾಷ್‌ಟ್ಯಾಗ್ ಇರಲಿಲ್ಲ. ‘ನಾಳೆ ಶನಿವಾರ ಹುರಿಟ್ಟಿನ ಉಂಡೆ ಮಾಡ್ತಿದೀನಿ, ಬೇಕಾದವರು ಸಂಜೆ ಒಳಗೆ ಹೇಳಿ’, ಅಷ್ಟೇ. ರಾಜ್ಯದ ಮಾವು ಅಭಿವೃದ್ಧಿ ನಿಗಮ ರೈತರ ಹಣ್ಣನ್ನು ಆನ್‌ಲೈನಿನಲ್ಲಿ ಮಾರಿ, ಅಂಚೆ ಇಲಾಖೆಯ ಮೂಲಕ ಮೂರು ಕೆ.ಜಿ.ಯ ಡಬ್ಬಿಗಳನ್ನು ಬೆಂಗಳೂರಿನ ಮನೆಬಾಗಿಲಿಗೆ ಕಳಿಸುತ್ತಿದೆ. ತಳಿ ಯಾವುದು, ಬೆಲೆ ಎಷ್ಟು, ರೈತ ಯಾರು ಎಂದು ಅಲ್ಲೇ ಬರೆದಿರುತ್ತದೆ. ಪೋಸ್ಟ್‌ಮ್ಯಾನ್ ಗಾಳಿಯಲ್ಲಿ ಬೆರಳು ತೋರಿಸಬೇಕಾಗಿಲ್ಲ.

ಇವೆರಡರಲ್ಲೂ ಇರುವುದು ಮೂರು ಮತ್ತೊಂದು ಸಂಗತಿ. ಏನು ಸಿಗುತ್ತದೆ, ಎಷ್ಟಕ್ಕೆ, ಎಲ್ಲಿ, ಯಾವಾಗ. ಇದನ್ನು ಮ್ಯಾಪಿನಲ್ಲಿ ಬರೆಯಲು ಕಾಸಿಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ 2018ರಿಂದ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಬೆಲೆಪಟ್ಟಿ ಹಾಕಿಡಬಹುದು. ಸೋಮವಾರ ರಜೆ ಎಂದು ಹಾಕಿದ್ದರೆ ಆ ಒಂದು ಸ್ಟಾರಿನ ರಿವ್ಯೂ ತಪ್ಪುತ್ತಿತ್ತು. ಆದರೆ ಪುಕ್ಕಟೆಯಾದ್ದರಿಂದಲೇ ಇದನ್ನು ಹೇಳಿಕೊಡುವವರು ಯಾರೂ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಇದು ಸಿಲ್ವರಿನಲ್ಲೂ ಇಲ್ಲ, ಪ್ಲಾಟಿನಂನಲ್ಲೂ ಇಲ್ಲ. ನಮ್ಮ ಗೋಲ್ಡ್ ಯಜಮಾನರ ಅಂಗಡಿ ಮ್ಯಾಪಿನಲ್ಲಿ ಇನ್ನೂ ಎರಡು ರಸ್ತೆ ಆಚೆಗಿನ ದಂತವೈದ್ಯರ ಮನೆಯ ಮೇಲೆ ನಿಂತಿದೆ, ಫೋನ್ ನಂಬರು ಹಳೆಯ ಲ್ಯಾಂಡ್‌ಲೈನಿನದು.

ಹಾಗೆಂದು ವ್ಯಾಪಾರವೇನೂ ನಿಂತಿಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಹೊತ್ತು ಜಗತ್ತಿನಾದ್ಯಂತ ನಿಂತುಹೋದವು. ಇಂಥ ಅಂಗಡಿಗಳಲ್ಲಿ ಅದು ಯಾರ ಗಮನಕ್ಕೂ ಬಂದಿರಲಾರದು. ಶೆಟರ್ ಎಳೆಯುವವರೆಗೂ ಕೋಡುಬಳೆ ಹೋಗುತ್ತಿರುತ್ತದೆ.

ಈ ಕಂಪನಿಗಳು ತಮ್ಮದೇ ಮಾತು ಜನರಿಗೆ ಮುಟ್ಟಿಸಬೇಕಾದಾಗ ಏನು ಮಾಡುತ್ತವೆ ನೋಡಿ. 2015ರ ಡಿಸೆಂಬರಿನಲ್ಲಿ ಫೇಸ್‌ಬುಕ್ ತನ್ನ ‘ಫ್ರೀ ಬೇಸಿಕ್ಸ್’ ಯೋಜನೆಗೆ ಬೆಂಬಲ ಬೇಡಿದ್ದು ಪತ್ರಿಕೆಗಳ ಪೂರ್ತಿ ಪುಟದ ಜಾಹೀರಾತಿನಲ್ಲಿ, ಬೀದಿಯ ಹೋರ್ಡಿಂಗುಗಳಲ್ಲಿ. ಸುಳ್ಳು ಸುದ್ದಿ ನಂಬಬೇಡಿ ಎಂದು ವಾಟ್ಸ್‌ಆ್ಯಪ್ 2018ರ ಜುಲೈಯಲ್ಲಿ ಹೇಳಿದ್ದು ಪತ್ರಿಕೆಯ ಪುಟದಲ್ಲಿ. ನಿಮ್ಮ ಖಾಸಗಿ ಮಾತು ನಾವು ಕೇಳುವುದಿಲ್ಲ ಎಂದು 2021ರ ಜನವರಿಯಲ್ಲಿ ಆಣೆ ಮಾಡಿದ್ದೂ ಪತ್ರಿಕೆಯ ಪುಟದಲ್ಲೇ. ದೇಶದ ಕೋಟಿ ಕೋಟಿ ಮೊಬೈಲುಗಳ ಒಳಗೇ ಕೂತಿರುವವರು ಮುಖ್ಯವಾದ ಮಾತು ಬಂದಾಗ ಪೇಪರ್ ಹಾಕುವ ಹುಡುಗನ ಸೈಕಲ್ ಏರುತ್ತಾರೆ. ಸ್ಟೇಟಸ್ ಹಾಕಿ ಸುಮ್ಮನಿರಬಹುದಿತ್ತಲ್ಲ?

ಮೂರು ತಿಂಗಳು ಕಳೆದು ಪ್ಯಾಕೇಜ್ ರಿನ್ಯೂವಲ್ಲಿಗೆ ಹುಡುಗ ಮತ್ತೆ ಬರುತ್ತಾನೆ. ಟ್ಯಾಬಿನಲ್ಲಿ ಹಸಿರು ಗೆರೆಯೊಂದು ಮೇಲಕ್ಕೆ ಹೋಗುತ್ತಿದೆ. ಯಜಮಾನರು ಕನ್ನಡಕ ಹಾಕಿಕೊಂಡು ಗೆರೆಯನ್ನೂ, ಆಮೇಲೆ ತಮ್ಮ ಲೆಕ್ಕದ ಪುಸ್ತಕವನ್ನೂ ನೋಡುತ್ತಾರೆ. ಎರಡೂ ಬೇರೆ ಬೇರೆ ಊರಿನವು.

“ಅಲ್ಲಪ್ಪಾ, ನಿನ್ನ ಕಂಪನಿಗೆ ಗಿರಾಕಿಗಳು ಹೇಗೆ ಸಿಗ್ತಾರೆ? ರೀಲ್ಸ್ ಹಾಕ್ತೀಯಾ?”

“ಇಲ್ಲ ಸಾರ್, ಅದರಲ್ಲೆಲ್ಲ ಯಾರು ಸಿಗ್ತಾರೆ? ಒಂದೊಂದೇ ಅಂಗಡಿಗೆ ನಡ್ಕೊಂಡೇ ಹೋಗ್ತೀನಿ. ಕಾರ್ಡ್ ಕೊಡ್ತೀನಿ. ಪರಿಚಯ ಆದೋರು ಇನ್ನೊಬ್ಬರಿಗೆ ಹೇಳ್ತಾರೆ.” ಎನ್ನುತ್ತ ಹುಡುಗ ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡ. “ಪಕ್ಕದ ರೆಡಿಮೇಡ್ ಬಟ್ಟೆ ಅಂಗಡಿಯವರು ನಿಮಗೆ ಗೊತ್ತಲ್ವಾ ಸಾರ್? ನನ್ನ ಬಗ್ಗೆ ಒಂದು ಮಾತು ಹೇಳ್ಬಿಡಿ.”